ನಮ್ಮ ಓಣಿಯ ಲೆಕ್ಕ ನಾವೇ ಬರೆಯೋಣ, ಬನ್ನಿ!

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ನೇಕಾರ ಬಂಧುಗಳೆ, ಅಂಗಡಿಕಾರರೆ, ಹಮಾಲ ಅಣ್ಣಂದಿರೆ, ಪ್ರೆಸ್ಸಿನ ಗೆಳೆಯರೆ, ರೊಟ್ಟಿ ಬಡಿದು ಮನೆ ನಡೆಸುವ ಅಕ್ಕಂದಿರೆ, ಸಂತೆಯಲ್ಲಿ ಕಾಯಿಪಲ್ಯೆ ಮಾರುವ ತಾಯಂದಿರೆ, ಕಾಲೇಜಿನ ತಮ್ಮ-ತಂಗಿಯರೆ, ಗುರುಗಳೆ,

2020ರ ಮಾರ್ಚ್ 25ಕ್ಕೆ ನಮ್ಮ ದಂಧೆ ನಿಂತಿತು. ಒಂದಿಷ್ಟು ತಿಂಗಳಾದ ಮೇಲೆ ಎದ್ದಿತು. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಬಂದು ಮತ್ತೆ ನಿಂತಿತು. ಎರಡು ಬೇಸಿಗೆ ಲಗ್ನದ ಹಂಗಾಮು ಕೈಬಿಟ್ಟು ಹೋಯಿತು, ಜಾತ್ರೆಗಳು ನಿಂತವು. ಅದನ್ನೆಲ್ಲ ದಾಟಿ ಬಂದಿದ್ದೇವೆ. ಕೆಲವರು ಹಳೆಯ ದಂಧೆಯನ್ನೇ ಹಿಡಿದು ಉಳಿದರು, ಕೆಲವರು ಹೊಸದು ಹುಡುಕಿಕೊಂಡರು, ಕೆಲವರು ಮಗ್ಗ ಮಾರಿ ಊರು ಬಿಟ್ಟರು. ಯಾರು ಏನು ಮಾಡಿದರು, ಹೇಗೆ ಮಾಡಿದರು ಎಂಬುದು ನಮ್ಮ ಕೈಗೆ ಸಿಗುವ ಹಾಗೆ ನಮ್ಮ ಭಾಷೆಯಲ್ಲಿ ಎಲ್ಲಿಯೂ ಬರೆದಿಟ್ಟಿಲ್ಲ. ಅದನ್ನು ಬರೆಯೋಣ ಎಂದು ಕರೆಯಲಿಕ್ಕೆ ಈ ಕರಪತ್ರ ಹೊರಡಿಸಿದ್ದೇವೆ.

ಜಗತ್ತು ಕೇಳುತ್ತಿದೆ, ಆದರೆ ನಮ್ಮನ್ನಲ್ಲ

ಕೊರೋನಾ ಆದ ಮೇಲೆ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ನಾವೀನ್ಯ ಮತ್ತು ಉದ್ಯಮಶೀಲತೆಯ ಬಗ್ಗೆ ಸಂಶೋಧನೆ ಬಹಳ ನಡೆದಿದೆ. ದೊಡ್ಡ ಹೆಸರಿನ ವಿಷಯವೆಂದು ದೂರ ಸರಿಯಬೇಡಿ. ಅವರು ಕೇಳುವ ಪ್ರಶ್ನೆಗಳು ನಮ್ಮ ಕಟ್ಟೆಯ ಮೇಲಿನ ಪ್ರಶ್ನೆಗಳೇ. ವ್ಯಾಪಾರ ದಿಢೀರ್ ನಿಂತಾಗ ಮನುಷ್ಯ ಏನು ಮಾಡುತ್ತಾನೆ? ಇದ್ದ ಬಂಡವಾಳ ಎಷ್ಟು ದಿನ ಬರುತ್ತದೆ? ಹೊಸ ದಾರಿ ಯಾರಿಗೆ ಹೊಳೆಯುತ್ತದೆ, ಯಾರಿಗೆ ಹೊಳೆಯುವುದಿಲ್ಲ?

ಅಮೆರಿಕದಲ್ಲಿ 2020ರ ಮಾರ್ಚ್ 28ರಿಂದ ಏಪ್ರಿಲ್ 4ರೊಳಗೆ, ಅಂದರೆ ಬೀಗ ಬಿದ್ದ ಹೊಸತರಲ್ಲೇ, ಸಂಶೋಧಕರು 5,800ಕ್ಕೂ ಹೆಚ್ಚು ಸಣ್ಣ ಉದ್ಯಮದವರನ್ನು ಮಾತನಾಡಿಸಿದರು. ನೂರಕ್ಕೆ 43 ಅಂಗಡಿಗಳು ತಾತ್ಕಾಲಿಕವಾಗಿ ಬಂದ್ ಆಗಿದ್ದವು. ಯಾರ ಕೈಯಲ್ಲಿ ಎಷ್ಟು ನಗದು ಇದೆ, ಸರ್ಕಾರದ ನೆರವಿಗೆ ಅರ್ಜಿ ಹಾಕಲು ಯಾರು ಹಿಂಜರಿಯುತ್ತಾರೆ, ಯಾಕೆ ಹಿಂಜರಿಯುತ್ತಾರೆ ಎಂಬುದೆಲ್ಲ ಅದೇ ವರ್ಷ ಅಚ್ಚಾಗಿ ಬಂತು. ಅಲ್ಲಿಯ ಅಂಗಡಿಕಾರನ ಅಳಲು ವಾರದೊಳಗೆ ಕಾಗದಕ್ಕೆ ಇಳಿಯಿತು.

ಅದೇ ವಾರ ಬೆಟಗೇರಿಯಲ್ಲಿ ಏನಾಗಿತ್ತು? ಹಾಸು ಹೂಡಿದ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಕುಣಿಮಗ್ಗ ನಿಂತರೆ ಏನಾಗುತ್ತದೆಂದು ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ. ನೂಲಿಗೆ ಗಂಜಿ ಹಚ್ಚಿರುತ್ತದೆ. ಆ ಗಂಜಿಗೆ ಇಲಿ, ಜಿರಲೆ ಬರುತ್ತವೆ. ಎಳೆ ಕಡಿದರೆ ಒಂದೊಂದನ್ನೇ ಹುಡುಕಿ ಗಂಟು ಹಾಕಬೇಕು, ಆ ಗಂಟು ಸೀರೆಯ ಮೈಮೇಲೆ ಕಾಣುತ್ತದೆ, ಕಂಡರೆ ನೂಲು ಕೊಡುವ ಸಾಹುಕಾರ ಕೂಲಿ ಮುರಿಯುತ್ತಾನೆ. ನೇಕಾರ ಮನೆಯಲ್ಲೇ ಇದ್ದ, ಮಗ್ಗವೂ ಮನೆಯಲ್ಲೇ ಇತ್ತು. ಆದರೂ ಕೆಲಸ ಇಲ್ಲ. ಹೊಕ್ಕಿನ ನೂಲು ಬರಲಿಲ್ಲ, ನೇಯ್ದ ಸೀರೆ ಹೋಗಲಿಲ್ಲ. ‘ಮನೆಯಿಂದಲೇ ಕೆಲಸ’ ಎಂದು ಪಟ್ಟಣಗಳಲ್ಲಿ ಹೊಸದಾಗಿ ಹೇಳುತ್ತಿದ್ದರು. ನೇಕಾರರು ತಲತಲಾಂತರದಿಂದ ಮನೆಯಿಂದಲೇ ಕೆಲಸ ಮಾಡಿದವರು, ಅವರಿಗೇ ಮೊದಲ ಪೆಟ್ಟು ಬಿತ್ತು.

ಗದಗನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ಆ ಕಾಶಿಯ ಪ್ರೆಸ್ಸುಗಳ ಮೂಲೆಯಲ್ಲಿ ಆ ವರ್ಷ ಲಗ್ನಪತ್ರಿಕೆಯ ಕಟ್ಟುಗಳು ಹಾಗೇ ಕುಳಿತವು. ತಾರೀಖು ಅಚ್ಚಾಗಿದೆ, ಲಗ್ನ ಮುಂದಕ್ಕೆ ಹೋಗಿದೆ, ಒಯ್ಯಲು ಯಾರೂ ಬರಲಿಲ್ಲ, ಬಾಕಿ ಕೇಳಲು ಬಾಯಿ ಬರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಜನ ಮೊಬೈಲ್‌ನಲ್ಲೇ ಕರೆಯೋಲೆ ಕಳಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಪ್ರೆಸ್ಸಿನವರಲ್ಲಿ ಕೆಲವರು ಫ್ಲೆಕ್ಸಿಗೆ ಇಳಿದರು. ಇನ್ನು ಕೆಲವರು ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಪ್ಯಾಕೆಟ್ಟಿನ ಲೇಬಲ್ ಅಚ್ಚು ಹಾಕತೊಡಗಿದರು. ನಿಜವಾದ ಹೊಸ ಹೆಜ್ಜೆ ಅಂದರೆ ಇದು. ಮನೆಯೊಳಗಿನ ರೊಟ್ಟಿಯ ದಂಧೆ ಹೊರಗೆ ಬರಬೇಕಾದರೆ ಲೇಬಲ್ ಬೇಕು, ಲೇಬಲ್ಲಿಗೆ ಪ್ರೆಸ್ಸು ಬೇಕು. ಒಂದು ದಂಧೆಯ ಏಟು ಇನ್ನೊಂದು ದಂಧೆಗೆ ಮೆಟ್ಟಿಲಾಯಿತು. ಇದನ್ನು ಯಾವ ಸಂಶೋಧಕ ಬರೆದ?

ಅವರು ಏನು ಕಂಡುಕೊಂಡಿದ್ದಾರೆ, ಅದು ನಮಗೆ ಹೊಂದುತ್ತದೆಯೇ?

ಈ ಸಂಶೋಧನೆಯ ಒಂದು ದೊಡ್ಡ ಎಳೆ, ಕೈಯಲ್ಲಿದ್ದುದರಲ್ಲೇ ಹೊಂದಿಸಿ ಹೊಸದು ಮಾಡುವ ಜಾಣತನ. ಟೆಡ್ ಬೇಕರ್ ಮತ್ತು ರೀಡ್ ನೆಲ್ಸನ್ ಎಂಬ ಇಬ್ಬರು ವಿದ್ವಾಂಸರು 2005ರಲ್ಲೇ ಇದರ ಮೇಲೆ ಬರೆದಿದ್ದರು. ಕೊರೋನಾ ಬಂದ ಮೇಲೆ ಆ ಬರಹವನ್ನು ಹಲವರು ಮತ್ತೆ ತೆರೆದರು. ನಮ್ಮ ಕಡೆ ಇದಕ್ಕೆ ಸಾಕ್ಷಿ ಬೇಕಾದರೆ ಗದಗಿನಿಂದ ಹುಬ್ಬಳ್ಳಿ ದಾರಿ ಹಿಡಿದು ಅಣ್ಣಿಗೇರಿಗೆ ಹೋದರೆ ಸಾಕು. ಅಲ್ಲಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಯಂತ್ರ, ಬೀಜ-ಗೊಬ್ಬರ ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನಾಟಿ ಮಾಡುವ ಯಂತ್ರ, ಎಲ್ಲ ಅವರ ಕೈಯ ಕೆಲಸ. ಹುಡುಗನಾಗಿದ್ದಾಗ ನಸುಕಿನಲ್ಲಿ ಎಚ್ಚರವಾಗಲೆಂದು ಗಡಿಯಾರದ ಕೀಲಿಗೆ ದಾರ ಕಟ್ಟಿ, ಅಲಾರಾಂ ಬಿಚ್ಚಿಕೊಂಡಾಗ ನೀರಿನ ಬಾಟಲಿ ಮುಖದ ಮೇಲೆ ವಾಲುವ ಹಾಗೆ ಮಾಡಿಕೊಂಡಿದ್ದರಂತೆ. ಕಾಲೇಜಿನ ಪ್ರಯೋಗಶಾಲೆ ಇಲ್ಲದೆ, ಹೊಲದ ಅಡಚಣೆಯನ್ನೇ ಗುರುವಾಗಿಸಿಕೊಂಡು ಕಲಿತವರು. ಅಂಥ ಕೈಗಳು ನಮ್ಮ ನಾಲ್ಕೂ ಊರುಗಳಲ್ಲಿ ಇವೆ. ವೆಲ್ಡಿಂಗ್ ಅಂಗಡಿಯಲ್ಲಿ, ಮಗ್ಗದ ರಿಪೇರಿಯಲ್ಲಿ, ಪಂಪ್‌ಸೆಟ್ ಕೆಲಸದಲ್ಲಿ ದಿನಾ ಏನಾದರೊಂದು ಹೊಸದು ಮಾಡುತ್ತಲೇ ಇರುತ್ತವೆ. ಕೊರೋನಾ ಕಾಲದಲ್ಲಿ ಬಿಡಿಭಾಗ ಸಿಗದಿದ್ದಾಗ ಅವರು ಏನು ಜೋಡಿಸಿ ಯಂತ್ರ ನಡೆಸಿದರು ಎಂದು ಈಗಲೇ ಕೇಳಿಟ್ಟುಕೊಳ್ಳದಿದ್ದರೆ ಅವರೂ ಮರೆಯುತ್ತಾರೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ಕೇಂದ್ರ ಸರ್ಕಾರದ ಅಂಕಿಸಂಖ್ಯೆ ಇಲಾಖೆ ಕಂಪನಿಯಾಗಿ ನೋಂದಣಿ ಆಗದ ಸಣ್ಣ ಉದ್ಯಮಗಳ ಸಮೀಕ್ಷೆ ಮಾಡುತ್ತದೆ. ಬೇಸಾಯ ಬಿಟ್ಟು ಉಳಿದ ಕಿರಾಣಿ, ಹೊಲಿಗೆ, ಮಗ್ಗ, ಚಹಾದಂಗಡಿ ಎಲ್ಲ ಅದರಲ್ಲಿ ಬರುತ್ತವೆ. 2015-16ರಲ್ಲಿ ದೇಶದಲ್ಲಿ ಇಂಥವು ಸುಮಾರು 6.34 ಕೋಟಿ. 2021-22ರ ಹೊತ್ತಿಗೆ 5.97 ಕೋಟಿಗೆ ಇಳಿದಿದ್ದವು. 2023-24ರಲ್ಲಿ 7.34 ಕೋಟಿಗೆ ಏರಿದವು. ಈ ಏರಿಕೆ ನೋಡಿ ಉದ್ಯಮಶೀಲತೆ ಬೆಳೆಯಿತು ಎಂದು ಹಿಗ್ಗುವವರಿದ್ದಾರೆ. ನಾವು ಅಷ್ಟು ಬೇಗ ಹಿಗ್ಗಬಾರದು. ನೌಕರಿ ಹೋದವ ಬೇರೆ ಗತಿಯಿಲ್ಲದೆ ಮನೆಯ ಪಡಸಾಲೆಯಲ್ಲಿ ಇಟ್ಟ ಅಂಗಡಿಯೂ ಆ ಲೆಕ್ಕದಲ್ಲಿ ಒಂದೇ, ಅವಕಾಶ ಕಂಡು ಸಾಲ ತೆಗೆದು ಹಾಕಿದ ಖಾರದಪುಡಿ ಗಿರಣಿಯೂ ಒಂದೇ. ಎರಡಕ್ಕೂ ಬೇಕಾದ ನೆರವು ಬೇರೆ ಬೇರೆ. ನಮ್ಮ ಓಣಿಯಲ್ಲಿ 2020ರ ನಂತರ ಹುಟ್ಟಿದ ಅಂಗಡಿಗಳಲ್ಲಿ ಎಷ್ಟು ಹೊಟ್ಟೆಪಾಡಿನವು, ಎಷ್ಟು ಯೋಚಿಸಿ ಹಾಕಿದವು ಎಂದು ದಿಲ್ಲಿಯ ಅಂಕಿ ಹೇಳಲಾರದು. ಬಾಜೂ ಮನೆಯವರು ಹೇಳಬಲ್ಲರು.

ಮುಚ್ಚಿ ಹೋದವರ ಮಾತು ಅದಕ್ಕೂ ಮುಖ್ಯ. ಸಂಶೋಧಕರು ಅಂಗಡಿಗೆ ಹೋಗಿ ಕೇಳುತ್ತಾರೆ. ಅಂಗಡಿ ಮುಚ್ಚಿದವನು ಅಲ್ಲಿ ಇರುವುದಿಲ್ಲ. ಹೀಗಾಗಿ ಗೆದ್ದವರ ಗುಣಗಾನವೇ ಪುಸ್ತಕವಾಗುತ್ತದೆ. ‘ಧೈರ್ಯ ಇತ್ತು, ಮೊಬೈಲ್ ವ್ಯಾಪಾರ ಕಲಿತ, ಉಳಿದ’ ಎಂದು ಬರೆಯುತ್ತಾರೆ. ಮೊಬೈಲ್ ವ್ಯಾಪಾರ ಕಲಿತೂ ಮುಳುಗಿದವರನ್ನು ಕೇಳಿದರೆ ತಾನೇ ನಿಜ ಗೊತ್ತಾಗುವುದು? ಆ ಎರಡು ವರ್ಷ ಹೊರಗೆ ತಿರುಗುವಂತಿರಲಿಲ್ಲ, ಆದ್ದರಿಂದ ಬಹಳಷ್ಟು ಸಮೀಕ್ಷೆಗಳು ಆನ್‌ಲೈನ್ ಫಾರ್ಮ್‌ಗಳ ಮೇಲೆ ನಡೆದವು. ಇಂಗ್ಲಿಷ್ ಬಾರದ, ಫಾರ್ಮ್ ತುಂಬಲು ಬಾರದ ಕೂಲಿ ನೇಕಾರ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅವನು ಇಲ್ಲದ ಲೆಕ್ಕದ ಮೇಲೆ ಯೋಜನೆ ಮಾಡಿದರೆ ಆ ಯೋಜನೆ ಅವನ ಬಾಗಿಲಿಗೆ ಬರುವುದಾದರೂ ಹೇಗೆ?

ಈ ನೆಲದಲ್ಲಿ ಹಿಂದೆ ಆದದ್ದು

ರೋಗ ಬಂದು ದಂಧೆ ಮುರಿದದ್ದು ನಮಗೆ ಹೊಸದಲ್ಲ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಆಗಿನ ಧಾರವಾಡ ಜಿಲ್ಲೆಗೂ ಹಬ್ಬಿತು. ಹುಬ್ಬಳ್ಳಿ ಬಹಳ ನರಳಿತು. 1898ರಲ್ಲಿ ಅಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಕಂಡುಹಿಡಿದ ಪ್ಲೇಗಿನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು, ಎಷ್ಟು ಜನ ಉಳಿದರು ಎಂಬ ಲೆಕ್ಕ ಇಂಗ್ಲಿಷಿನಲ್ಲಿ ಅಚ್ಚಾಗಿ ಹೊರದೇಶಗಳಿಗೆ ಹೋಯಿತು. ಆಗಲೂ ಲೆಕ್ಕ ಬರೆದವರು ನಾವಲ್ಲ. ಅದೇ ವರ್ಷಗಳಲ್ಲಿ ಬರವೂ ಬಿತ್ತು. ಬರ, ಪ್ಲೇಗು, ಸಾಹುಕಾರರ ಬಡ್ಡಿ ಮೂರನ್ನೂ ಕಂಡ ತಲೆಮಾರಿನ ಒಬ್ಬ ರೈತ ಗದಗ ತಾಲ್ಲೂಕಿನ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದೇ ತಡ, 1905ರಲ್ಲಿ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು.

ಇದನ್ನು ಶತಮಾನೋತ್ಸವದ ಭಾಷಣದಲ್ಲಿ ಹೇಳಿ ಬಿಡುವುದಕ್ಕಾಗಿ ನಾವು ನೆನೆಯುತ್ತಿಲ್ಲ. ಆ ಸಂಘ ಏನು ಮಾಡಿತು ಗಮನಿಸಿ. ಹಳ್ಳಿಯವರ ಸಾಲ-ಸೋಲದ ಲೆಕ್ಕ ಅದುವರೆಗೆ ಸಾಹುಕಾರನ ಕಿರ್ದಿಯಲ್ಲಿ ಇತ್ತು. ಸಂಘ ಆದ ಮೇಲೆ ಆ ಲೆಕ್ಕ ಹಳ್ಳಿಯವರ ಕೈಗೇ ಬಂತು. ಯಾರಿಗೆ ಎಷ್ಟು, ಯಾವಾಗ ತೀರಿಸಬೇಕು ಎಂದು ಸದಸ್ಯರೇ ಕೂತು ಬರೆದರು. ಲೆಕ್ಕ ಯಾರ ಕೈಯಲ್ಲಿದೆಯೋ ಜೋರು ಅವರದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಕನ್ನಡದ ರೈತನ ಜಮಾಬಂದಿ ಮರಾಠಿ ದಫ್ತರದಲ್ಲಿ ಇತ್ತೆಂಬುದನ್ನೂ ಇಲ್ಲಿಯ ಹಿರಿಯರು ಮರೆತಿಲ್ಲ. ಇವತ್ತು ನಮ್ಮ ಕೊರೋನಾದ ಲೆಕ್ಕ ಯಾರ ದಫ್ತರದಲ್ಲಿದೆ?

ಹಾಗಾದರೆ ಏನು ಮಾಡೋಣ?

ಅಂಗಡಿ, ಮಗ್ಗ, ಗಾಡಿ, ಗಿರಣಿ ಇರುವ ಪ್ರತಿಯೊಬ್ಬರೂ ಒಂದು ನೂರು ಹಾಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಅದರಲ್ಲಿ 2020ರಿಂದ ಇಲ್ಲಿಯವರೆಗೆ ನಿಮ್ಮ ದಂಧೆಗೆ ಏನಾಯಿತು ಬರೆಯಿರಿ. ಏನು ನಿಂತಿತು, ಆಗ ಏನು ಮಾಡಿದಿರಿ, ರೊಕ್ಕ ಎಲ್ಲಿಂದ ತಂದಿರಿ, ಹೊಸದೇನು ಕಲಿತಿರಿ, ಅದರಲ್ಲಿ ಈಗ ಏನು ಉಳಿದಿದೆ. ಚೆಂದವಾಗಿ ಬರೆಯಬೇಕಿಲ್ಲ. ಹೀಗಿದ್ದರೂ ಸಾಕು: ‘ಏಪ್ರಿಲ್‌ದಾಗ ವ್ಯಾಪಾರ ಇಲ್ಲ. ಉದ್ರಿ ಕೊಟ್ಟಿದ್ದು ಬರಲಿಲ್ಲ. ಮೇದಾಗ ಬಂಗಾರ ಒತ್ತಿ ಇಟ್ಟೆ. ಮಗಳು ಮೊಬೈಲ್‌ದಾಗ ಗಿರಾಕಿ ಗುಂಪು ಮಾಡಿದಳು. ಮನೆಗೆ ಮುಟ್ಟಿಸೋದು ಶುರು ಮಾಡಿದೆ. ಪೆಟ್ರೋಲಿಗೇ ಲಾಭ ಹೋತು. ಬಿಟ್ಟೆ.’ ಈ ಕೊನೆಯ ಎರಡು ಮಾತು ಯಾವ ದೊಡ್ಡ ಪತ್ರಿಕೆಯಲ್ಲೂ ಸಿಗುವುದಿಲ್ಲ. ಮನೆಗೆ ಮುಟ್ಟಿಸುವ ವ್ಯಾಪಾರ ನಮ್ಮಂಥ ಊರಲ್ಲಿ ಯಾಕೆ ನಡೆಯಲಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ನಾಳೆ ಹೊಸ ಹುಡುಗನೊಬ್ಬ ಅದೇ ದಂಧೆಗೆ ಕೈಹಾಕುವ ಮೊದಲು ಅದನ್ನು ಓದಿದರೆ ಅವನ ಬಂಡವಾಳ ಉಳಿಯುತ್ತದೆ.

ಬರೆಯಲು ಬಾರದವರ ಮಾತನ್ನು ಮನೆಯ ಮಕ್ಕಳು ಬರೆಯಲಿ. ಮಗ್ಗ ಮಾರಿದವರನ್ನು, ಅಂಗಡಿ ಮುಚ್ಚಿದವರನ್ನು ಮೊದಲು ಕೇಳಿ. ಅವರು ನಾಚಿಕೊಂಡು ಮಾತಾಡುವುದಿಲ್ಲ, ಅದಕ್ಕೇ ಅವರ ಪರಿಚಯದವರೇ ಹೋಗಬೇಕು.

‘ಲೆಕ್ಕ ಬರೆದಿಟ್ಟರೆ ನಾಳೆ ತೆರಿಗೆಯವರು ಬರುತ್ತಾರೆ’ ಎಂದು ಬಹಳ ಜನ ಅಂಜುತ್ತಾರೆ. ಅಂಜಿಕೆಗೆ ಕಾರಣವೂ ಇದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತುಹಾಕಿ ನಗದೇ ಕೊಡಿ ಎಂದರು. ಆಮೇಲೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆಸಿ ಮಾತನಾಡಬೇಕಾಯಿತು. ನಾವು ಹೇಳುವ ನೋಟ್‌ಬುಕ್ಕಿನಲ್ಲಿ ಹೆಸರು ಬೇಡ, ವಹಿವಾಟಿನ ಮೊತ್ತವೂ ಬೇಡ. ‘ಬೆಟಗೇರಿಯ ಒಬ್ಬ ನೇಕಾರ’, ‘ಮುಂಡರಗಿಯ ಒಬ್ಬ ಚಹಾದಂಗಡಿಯವ’ ಎಂದಿದ್ದರೆ ಸಾಕು. ಜೊತೆಗೆ ಒಂದು ಮಾತು ತಿಳಿದಿರಲಿ: ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಗೊತ್ತಿಲ್ಲದ್ದಕ್ಕೇ ಅಂಜಿಕೆ ಹೆಚ್ಚು. ಯುಪಿಐ ಮೂಲಕ 2020ರ ಮಾರ್ಚ್‌ನಲ್ಲಿ ದೇಶದಲ್ಲಿ ತಿಂಗಳಿಗೆ ಸುಮಾರು 125 ಕೋಟಿ ವ್ಯವಹಾರ ಆಗುತ್ತಿದ್ದವು, 2023ರ ಆಗಸ್ಟ್‌ನಲ್ಲಿ ಅದು ಸಾವಿರ ಕೋಟಿ ದಾಟಿತು. ಇಷ್ಟು ದೊಡ್ಡ ಬದಲಾವಣೆಯಿಂದ ಸಂತೆಯ ವ್ಯಾಪಾರಿಗೆ ಲಾಭವಾಯಿತೋ, ಉದ್ರಿ ಕಡಿಮೆಯಾಯಿತೋ, ಬ್ಯಾಂಕು ಸಾಲ ಕೊಡಲು ಮನಸ್ಸು ಮಾಡಿತೋ? ಅದನ್ನೂ ಬರೆಯಿರಿ.

ಕಾಲೇಜಿನ ತಮ್ಮ-ತಂಗಿಯರಿಗೆ, ಅವರ ಗುರುಗಳಿಗೆ

ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಹಳ್ಳಿಯ ಬದುಕನ್ನೇ ಓದಲಿಕ್ಕೆ ಒಂದು ವಿಶ್ವವಿದ್ಯಾಲಯ ನಮ್ಮ ಮಗ್ಗುಲಲ್ಲೇ ಇರುವುದು ಎಷ್ಟು ಊರಿನವರಿಗೆ ಸಿಕ್ಕ ಭಾಗ್ಯ? ಗದಗಿನಲ್ಲಿ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು ಇದೆ, ಲಕ್ಷ್ಮೇಶ್ವರದಲ್ಲಿ ಅಗಡಿ ಎಂಜಿನಿಯರಿಂಗ್ ಕಾಲೇಜು ಇದೆ, ನಾಲ್ಕೂ ಊರಲ್ಲಿ ಪದವಿ ಕಾಲೇಜುಗಳಿವೆ. ಕೊನೆಯ ವರ್ಷ ಪ್ರಾಜೆಕ್ಟ್ ಮಾಡಲೇಬೇಕು. ಹಳೆಯ ಪ್ರಾಜೆಕ್ಟಿನ ಹಾಳೆ ತಿರುವಿ ಹೆಸರು ಬದಲಿಸುವ ಬದಲು ಓಣಿಗೆ ಬನ್ನಿ ಎಂದು ಕೈಮುಗಿದು ಕೇಳುತ್ತೇವೆ. ವಾಣಿಜ್ಯ ಓದುವವರು ಒಂದು ಸಂತೆಯನ್ನು ಆರಿಸಿಕೊಳ್ಳಿ. ಸಮಾಜಶಾಸ್ತ್ರದವರು ಒಂದು ತಾಂಡೆಯನ್ನು. ಎಂಜಿನಿಯರಿಂಗ್‌ನವರು ಒಂದು ಮಗ್ಗದ ಮುಂದೆ ಒಂದು ವಾರ ಕುಳಿತು ನೇಕಾರನ ಸೊಂಟ, ಮೊಣಕಾಲು ಯಾಕೆ ಹಿಡಿಯುತ್ತವೆ ಎಂದು ನೋಡಿ. ನಡಕಟ್ಟಿನ ಅವರ ಊರಿನ ಬಾಜೂ ಇದ್ದವರು ನೀವು.

ಬರುವಾಗ ಒಂದೆರಡು ಮಾತು ಮನಸ್ಸಿನಲ್ಲಿರಲಿ. ಯಾರ ಪರವಾಗಿ ಬಂದಿದ್ದೀರಿ, ಯಾತಕ್ಕೆ ಕೇಳುತ್ತಿದ್ದೀರಿ ಎಂದು ಮೊದಲು ಹೇಳಿ. ಮಗ್ಗ ನಡೆಯುವ ಹೊತ್ತಿನಲ್ಲಿ ನೇಕಾರನನ್ನು ಮಾತಿಗೆ ಎಳೆಯಬೇಡಿ, ಆ ಹೊತ್ತು ಅವನ ಕೂಲಿ. ಹೌದು-ಅಲ್ಲ ಎಂಬ ಚೌಕಕ್ಕೆ ಟಿಕ್ ಹಾಕಿಸಿ ಓಡಬೇಡಿ. ಕೂತು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಂಗಸರ ಮಾತನ್ನು ಗಂಡಸರ ಬಾಯಿಂದ ಕೇಳಬೇಡಿ. ಕಂಡಿಕೆ ಸುತ್ತುವವಳು ಅವಳು, ರೊಟ್ಟಿ ಬಡಿಯುವವಳು ಅವಳು, ಸಂಘದ ಸಾಲ ತಂದವಳೂ ಅವಳೇ. ಆ ದಿನಗಳಲ್ಲಿ ಸ್ತ್ರೀಶಕ್ತಿ, ಸಂಜೀವಿನಿ ಗುಂಪಿನ ಹೆಣ್ಣುಮಕ್ಕಳು ಮಾಸ್ಕ್ ಹೊಲಿದು ಹಂಚಿದರು. ಆ ಹೊಲಿಗೆ ಯಂತ್ರಗಳು ಈಗ ಏನು ಹೊಲಿಯುತ್ತಿವೆ ಎಂಬ ಒಂದೇ ಪ್ರಶ್ನೆ ಹಿಡಿದು ಹೊರಟರೂ ಒಂದು ಒಳ್ಳೆಯ ಪ್ರಬಂಧವಾಗುತ್ತದೆ. ಕೊನೆಗೆ, ಕಂಡದ್ದನ್ನು ಕನ್ನಡದಲ್ಲಿ ನಾಲ್ಕು ಪುಟ ಬರೆದು ಅದೇ ಓಣಿಗೆ ತಂದು ಓದಿ ಹೇಳಿ. ಓಣಿಯವರು ‘ಇದು ಹೀಗಲ್ಲ’ ಎಂದರೆ ತಿದ್ದಿ. ತಂದು ಓದದ ಸಂಶೋಧನೆಗೆ ನಾವು ಎರಡನೇ ಸಲ ಉತ್ತರ ಕೊಡುವುದಿಲ್ಲ.

ಊರೂರಿಗೆ ಒಂದೊಂದು ಪ್ರಶ್ನೆ

ಗದಗ-ಬೆಟಗೇರಿಯಲ್ಲಿ ಮಗ್ಗ ಮತ್ತು ಅಚ್ಚಿನ ಮಾತು ಹೇಳಿಯಾಗಿದೆ. ಅದರ ಜೊತೆ ಇದನ್ನೂ ಕೇಳಿ. 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ನೆರವು ಘೋಷಿಸಿತು. ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000, ಕ್ಷೌರಿಕರಿಗೆ ಮತ್ತು ಮಡಿವಾಳರಿಗೆ ಒಂದು ಸಲ 5,000. ನಿಮ್ಮ ಓಣಿಯಲ್ಲಿ ಯಾರಿಗೆ ಮುಟ್ಟಿತು, ಯಾವ ಕಾಗದ ಇಲ್ಲವೆಂದು ಯಾರಿಗೆ ಮುಟ್ಟಲಿಲ್ಲ? ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಸ್ವನಿಧಿ ಸಾಲ 10,000ದಿಂದ ಶುರುವಾಗಿ, ತೀರಿಸಿದವರಿಗೆ 20,000, ಆಮೇಲೆ 50,000 ಎಂದು ಇತ್ತು. ಮೂರನೇ ಮೆಟ್ಟಿಲು ಹತ್ತಿದವರು ಎಷ್ಟು ಜನ, ಮೊದಲನೆಯದರಲ್ಲೇ ಎಡವಿದವರು ಎಷ್ಟು?

ಲಕ್ಷ್ಮೇಶ್ವರದವರೆ, ನಿಮ್ಮ ಹೊಲದ ಮೆಣಸಿನಕಾಯಿ ಬಗ್ಗೆ ಬರೆಯಿರಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕೊರೋನಾ ವರ್ಷದಲ್ಲೇ, 2020ರ ಜೂನ್‌ನಲ್ಲಿ, ಕೇಂದ್ರ ಸರ್ಕಾರ ಸಣ್ಣ ಆಹಾರ ಸಂಸ್ಕರಣೆ ಘಟಕಗಳಿಗೆ ಹೊಸ ಯೋಜನೆ ತಂದಾಗ ಗದಗ ಜಿಲ್ಲೆಗೆ ಆರಿಸಿದ ಬೆಳೆ ಅದೇ. ಖರ್ಚಿನ ನೂರಕ್ಕೆ 35ರಷ್ಟು ಸಹಾಯಧನ, ಅದರ ಮೇಲೆ ರಾಜ್ಯದ್ದು ಇನ್ನೂ 15. ಒಟ್ಟು ಅರ್ಧ ಖರ್ಚು, 15 ಲಕ್ಷದವರೆಗೆ. ಆದರೂ ನಾವು ಇಂದಿಗೂ ಚೀಲ ಮಾರುತ್ತೇವೆ, ಪುಡಿ ಮಾಡಿ ಮಾರುವವರು ಬೇರೆ ಊರಿನವರು. ಅರ್ಜಿ ಹಾಕಿದವರು ಎಲ್ಲಿ ಸಿಕ್ಕಿಬಿದ್ದರು? ಬ್ಯಾಂಕಿನ ಮೇಜಿನ ಮೇಲೋ, ಯೋಜನಾ ವರದಿ ಬರೆಸುವಲ್ಲಿಯೋ, ಕರೆಂಟಿನ ಕನೆಕ್ಷನ್‌ಗೋ, ಪುಡಿಗೆ ಗಿರಾಕಿ ಸಿಗದೆಯೋ? ಇದು ಗೊತ್ತಾಗದೆ ಮುಂದಿನ ಹತ್ತು ಯೋಜನೆ ಬಂದರೂ ಉಪಯೋಗವಿಲ್ಲ.

ಶಿರಹಟ್ಟಿಯಲ್ಲಿ ಜಾತ್ರೆಯ ವ್ಯಾಪಾರಿಗಳನ್ನು ಕೇಳಿ. ಬಳೆ, ಆಟಿಕೆ ಸಾಮಾನು, ಬೆಂಡು-ಬತ್ತಾಸು ಹೊತ್ತು ಜಾತ್ರೆಯಿಂದ ಜಾತ್ರೆಗೆ ತಿರುಗುವವರಿಗೆ ಬಾಗಿಲು ಹಾಕಲು ಅಂಗಡಿಯೇ ಇಲ್ಲ, ಹೀಗಾಗಿ ‘ಮುಚ್ಚಿದ ಅಂಗಡಿ’ಗಳ ಲೆಕ್ಕದಲ್ಲೂ ಅವರಿಲ್ಲ. ಜಾತ್ರೆ ನಿಂತ ಆ ಎರಡು ವರ್ಷ ಅವರು ಏನು ತಿಂದರು? ಇನ್ನೊಂದು ಪ್ರಶ್ನೆ ಶಿರಹಟ್ಟಿ ಕಡೆಯ ಮಾಗಡಿ ಕೆರೆಯದು. ಅಲ್ಲಿಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗುನೆಲೆಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಹಕ್ಕಿಗೂ ಕೆರೆಗೂ ತೊಂದರೆಯಾಗದ ಹಾಗೆ, ನೋಡಲು ಬರುವವರಿಂದ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ಸಿಗುವ ದಾರಿ ಏನು? ಇದಕ್ಕೆ ಉತ್ತರ ಹೇಳುವ ವಿದ್ಯಾರ್ಥಿಗೆ ಊರೇ ಸನ್ಮಾನ ಮಾಡಬೇಕು.

ಮುಂಡರಗಿ ಕಡೆಯ ತಾಂಡೆ, ಹಳ್ಳಿಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋದವರು ಆ ಬೇಸಿಗೆಯಲ್ಲಿ ತಿರುಗಿ ಬಂದರು. ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ದಿನಕ್ಕೆ 275 ರೂಪಾಯಿ ಕೂಲಿ. ಗಾರೆ ಕೆಲಸ, ಅಡುಗೆ, ಟೈಲ್ಸ್, ಪೇಂಟಿಂಗ್ ಎಲ್ಲ ಕಲಿತ ಕೈಗಳು ಬದುವಿನ ಮಣ್ಣು ಅಗೆದವು. ಅವರಲ್ಲಿ ಎಷ್ಟು ಜನ ಕಲಿತ ಕಸುಬನ್ನು ಊರಲ್ಲೇ ನೆಲೆಗೊಳಿಸಿದರು? ಎಷ್ಟು ಜನ ಮತ್ತೆ ರೈಲು ಹತ್ತಿದರು? ಮತ್ತೆ ಹೋದವರದು ಸೋಲೆಂದು ತೀರ್ಮಾನಿಸಬೇಡಿ. ಊರಲ್ಲಿ ಉಳಿಯಲು ಏನು ಬೇಕಿತ್ತು ಎಂದು ಕೇಳಿ. ಕಪ್ಪತಗುಡ್ಡದ ಸೆರಗಿನಲ್ಲಿ, ಸಿಂಗಟಾಲೂರು ಏತ ನೀರಾವರಿಯ ಕಾಲುವೆ ಬದಿಯಲ್ಲಿ ಆ ಉತ್ತರಗಳು ಬೇರೆ ಬೇರೆ ಇರುತ್ತವೆ.

ಎಲ್ಲ ಊರಿಗೂ ಸೇರಿದ ಒಂದು ಪ್ರಶ್ನೆ ಬಸ್ಸಿನದು. ಪ್ರಯಾಣಿಕರಿಲ್ಲದೆ ನಷ್ಟಕ್ಕೆ ಬಿದ್ದ ಸಾರಿಗೆ ಸಂಸ್ಥೆಗಳು 2021ರ ಫೆಬ್ರುವರಿಯಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿದವು, ಕೆಂಪು ಬಸ್ಸಿನಲ್ಲೇ ಪಾರ್ಸೆಲ್ ಹೋಗತೊಡಗಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಸೊಪ್ಪು, ಹೂವು ಮಾರುವ ತಾಯಂದಿರ ವ್ಯಾಪಾರ ಇದರಿಂದ ಎಷ್ಟು ದೂರ ಹೋಯಿತು? ಉಳಿದ ಬಸ್ ಚಾರ್ಜು ಬಂಡವಾಳವಾಯಿತೋ, ಮನೆಖರ್ಚಿಗೆ ಕರಗಿತೋ? ನಮ್ಮ ಮಟ್ಟಿಗೆ ಕೊರೋನಾದ ನಂತರದ ಉದ್ಯಮದ ದೊಡ್ಡ ಪ್ರಯೋಗ ಈ ಬಸ್ಸಿನಲ್ಲಿ ನಡೆದಿದೆ. ಹೈಟೆಕ್ ಸ್ಟಾರ್ಟಪ್ಪುಗಳಿಗಿಂತ ಮೊದಲು ಅಳೆಯಬೇಕಾದದ್ದು ಇದನ್ನು.

ನಗರಸಭೆ, ಪುರಸಭೆ, ಪಂಚಾಯಿತಿಯವರಿಗೆ

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಊರಿನ ದಂಧೆಯ ನೋಟ್‌ಬುಕ್ಕುಗಳಿಗೆ ಅಲ್ಲಿ ಒಂದು ಕಪಾಟು ಕೊಡಿ. ನಗರಸಭೆ, ಪುರಸಭೆಗಳು ತಮ್ಮ ವಾಚನಾಲಯದಲ್ಲಿ ಕೊಡಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ನಿಮ್ಮ ಊರಲ್ಲಿ ಆ ಸಮಿತಿ ಕೊನೆಗೆ ಕೂತದ್ದು ಯಾವಾಗ? ಮುಂದಿನ ಸಭೆಯಲ್ಲಿ ಈ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಇಟ್ಟು ಮಾತು ಶುರು ಮಾಡಿ. ಕೇಳಬೇಕಾದ್ದು ಅಂದಾಜಿನಿಂದ ಬರಬಾರದು, ಓಣಿಯ ಲೆಕ್ಕದಿಂದ ಬರಬೇಕು.

ಓಣಿಗೊಬ್ಬರಂತೆ ಬರೆಯುವವರು ಮುಂದೆ ಬನ್ನಿ. ಈ ಅಮಾವಾಸ್ಯೆಗೆ ಮಗ್ಗ, ಅಂಗಡಿ ಬಂದ್ ಇರುವ ದಿನವೇ ಗುಡಿಯ ಕಟ್ಟೆಗೋ, ದರ್ಗಾದ ಅಂಗಳಕ್ಕೋ, ಶಾಲೆಯ ಪಡಸಾಲೆಗೋ ಹತ್ತು ಜನ ಸೇರಿ. ಮುಚ್ಚಿದ ಅಂಗಡಿಯವರ ಹೆಸರಿನ ಪಟ್ಟಿ ಮೊದಲು ಮಾಡಿ (ಅದು ಹೋಗಿ ಕೇಳಲಿಕ್ಕೆ ಮಾತ್ರ, ನೋಟ್‌ಬುಕ್ಕಿಗಲ್ಲ), ಯಾರ ಮನೆಗೆ ಯಾರು ಹೋಗುವುದೆಂದು ಅಲ್ಲೇ ಹಂಚಿಕೊಳ್ಳಿ. ಓದಿದ ಮೇಲೆ ಈ ಹಾಳೆಯನ್ನು ಮಡಿಚಿ ಇಡಬೇಡಿ, ಬಾಜೂ ಅಂಗಡಿಯವರಿಗೆ ಕೊಡಿ.

— ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕೆಲವು ನೇಕಾರರು, ಪ್ರೆಸ್ಸಿನವರು, ಸಂತೆಯ ತಾಯಂದಿರು ಮತ್ತು ವಿದ್ಯಾರ್ಥಿಗಳು